ಎಕ್ಸ್‌ಚೇಂಜ್ ಅಪ್‌ಗ್ರೇಡ್‌ಗೆ ಮುಂಚೆ ಆಕ್ಟಿವ್ ಡೈರೆಕ್ಟರಿ ಸಿದ್ಧ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎಕ್ಸ್‌ಚೇಂಜ್ 2016 ಮತ್ತು 2019, ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೇಲ್ ಸರ್ವರನ್ನು ಸ್ವಂತ ಆಫೀಸಿನಲ್ಲೇ ಇಟ್ಟುಕೊಂಡು ಮುಂದುವರಿಯುವವರು ಹೋಗಬೇಕಾದ್ದು 2025ರ ಜುಲೈ 1ರಂದು ಬಂದ ಎಕ್ಸ್‌ಚೇಂಜ್ ಸರ್ವರ್ ಸಬ್‌ಸ್ಕ್ರಿಪ್ಷನ್ ಎಡಿಷನ್‌ಗೆ. ಚಿಕ್ಕದಾಗಿ ಎಸ್‌ಇ.

ಅಪ್‌ಗ್ರೇಡ್ ಅಂದ ಕೂಡಲೇ ಮೀಟಿಂಗಿನಲ್ಲಿ ಮಾತು ಹೋಗುವುದು ಹೊಸ ಸರ್ವರಿಗೆ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ಮೇಲ್‌ಬಾಕ್ಸ್ ಸಾಗಿಸಲು ಎಷ್ಟು ರಾತ್ರಿ ಬೇಕು ಅನ್ನುವ ಕಡೆಗೆ. ಕಂಪನಿಯ ಯೂಸರ್, ಕಂಪ್ಯೂಟರ್, ಗ್ರೂಪ್‌ಗಳ ದಾಖಲೆ ಇರುವ ಆಕ್ಟಿವ್ ಡೈರೆಕ್ಟರಿಗೆ ಪ್ಲಾನಿನಲ್ಲಿ ಸಿಗುವುದು ಒಂದೇ ಸಾಲು: ‘ಸ್ಕೀಮಾ ಅಪ್‌ಡೇಟ್, ಅರ್ಧ ಗಂಟೆ’. ಡೈರೆಕ್ಟರಿಯಲ್ಲಿ ಏನೇನು ಮಾಹಿತಿ ಇಡಬಹುದು ಅನ್ನುವ ನಿಯಮಗಳೇ ಸ್ಕೀಮಾ. ಕಮಾಂಡ್ ಓಡಲು ಬಹಳ ಕಡೆ ಅಷ್ಟು ಹೊತ್ತು ಸಾಕು, ನಿಜ. ಆದರೆ ಇಡೀ ಕೆಲಸದಲ್ಲಿ ಹಿಂದಕ್ಕೆ ಬರಲಾಗದ ಹೆಜ್ಜೆ ಅದು. ಹೊಸ ಸರ್ವರ್ ಕೆಟ್ಟರೆ ಮತ್ತೆ ಇನ್‌ಸ್ಟಾಲ್ ಮಾಡಬಹುದು. ಮೇಲ್‌ಬಾಕ್ಸ್ ಅರ್ಧಕ್ಕೆ ನಿಂತರೆ ಮತ್ತೆ ಕಳಿಸಬಹುದು. ಸ್ಕೀಮಾಕ್ಕೆ ಸೇರಿದ ಆಟ್ರಿಬ್ಯೂಟನ್ನು, ಅಂದರೆ ಮಾಹಿತಿಯ ಒಂದು ಅಂಕಣವನ್ನು, ಮಾತ್ರ ಅಳಿಸಲು ಆಗುವುದಿಲ್ಲ. ಹೆಚ್ಚೆಂದರೆ ಅದನ್ನು ಬಳಕೆಯಿಂದ ತೆಗೆದಿಡಬಹುದು, ಅಷ್ಟೇ. ಪೂರ್ತಿ ಹಿಂದಕ್ಕೆ ಹೋಗಬೇಕು ಅಂದರೆ ಇಡೀ ಫಾರೆಸ್ಟನ್ನು, ಅಂದರೆ ಕಂಪನಿಯ ಎಲ್ಲ ಡೊಮೇನ್‌ಗಳ ಒಟ್ಟು ಡೈರೆಕ್ಟರಿಯನ್ನು, ಬ್ಯಾಕಪ್‌ನಿಂದ ಎಬ್ಬಿಸಬೇಕು. ಅಂಥ ದಿನ ಯಾರಿಗೂ ಬರಬಾರದು.

ಹಾಗಾಗಿ ಅರ್ಧ ಗಂಟೆಯ ಆ ಕಮಾಂಡಿಗೆ ನಾನು ಒಂದು ವಾರ ಇಟ್ಟುಕೊಳ್ಳುತ್ತೇನೆ. ಆ ವಾರದಲ್ಲಿ ಏನೇನು ಮಾಡಬೇಕು ಅನ್ನುವುದು ಇಲ್ಲಿದೆ. ಉದಾಹರಣೆಗೆ ಹಿಡಿದಿರುವುದು ಎಕ್ಸ್‌ಚೇಂಜ್ 2016ರಿಂದ ಎಸ್‌ಇಗೆ ಹೋಗುವ ದಾರಿ. ಈ ದಾರಿಯಲ್ಲೇ ಡೈರೆಕ್ಟರಿ ಕೆಲಸ ಜಾಸ್ತಿ. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿ.

## ನೀವು ಎಲ್ಲಿದ್ದೀರಿ ಅನ್ನುವುದು ಮೊದಲು

ಎಕ್ಸ್‌ಚೇಂಜ್ 2019ರ ಸಿಯು 14, ಅಂದರೆ ಕ್ಯುಮುಲೇಟಿವ್ ಅಪ್‌ಡೇಟ್ 14, ಅಥವಾ ಸಿಯು 15ರಲ್ಲಿ ಇದ್ದೀರಾ? ಹಾಗಾದರೆ ನಿಮ್ಮ ಕೆಲಸ ಹಗುರ. ಅದೇ ಸರ್ವರಿನ ಮೇಲೆ ಎಸ್‌ಇ ಹಾಕಬಹುದು. ಸ್ಕೀಮಾ ವರ್ಷನ್ ಎರಡಕ್ಕೂ ಒಂದೇ, 17003. ಆದರೂ ಕೆಳಗಿನ ಆರೋಗ್ಯ ತಪಾಸಣೆ ಬಿಡಬೇಡಿ.

ಎಕ್ಸ್‌ಚೇಂಜ್ 2016ರಲ್ಲಿ ಇದ್ದರೆ ಅದೇ ಸರ್ವರಿನ ಮೇಲೆ ಅಪ್‌ಗ್ರೇಡ್ ಆಗುವುದಿಲ್ಲ. ಹೊಸ ಸರ್ವರ್ ಎಬ್ಬಿಸಿ, ಮೇಲ್‌ಬಾಕ್ಸ್‌ಗಳನ್ನು ಅಲ್ಲಿಗೆ ಸಾಗಿಸಿ, ಹಳೆಯದನ್ನು ಕಳಚಬೇಕು. ಹಳೆಯ ಸರ್ವರ್‌ಗಳೆಲ್ಲ ಸಿಯು 23ರಲ್ಲಿ ಇರಲೇಬೇಕು. ಸ್ಕೀಮಾ 15334ರಿಂದ 17003ಕ್ಕೆ ಏರುತ್ತದೆ.

ಎಕ್ಸ್‌ಚೇಂಜ್ 2013 ಇನ್ನೂ ಎಲ್ಲಾದರೂ ಉಸಿರಾಡುತ್ತಿದ್ದರೆ ಅದು ಮೊದಲು ಹೋಗಬೇಕು. ಎಸ್‌ಇ ಅದರ ಜೊತೆ ಬಾಳುವುದಿಲ್ಲ, ಸೆಟಪ್ ಅಲ್ಲೇ ತಡೆಯುತ್ತದೆ. ‘ನಮ್ಮಲ್ಲಿ 2013 ಇಲ್ಲವೇ ಇಲ್ಲ’ ಅನ್ನುವವರೂ ಒಂದು ಸಲ ನೋಡಿ. ಎಕ್ಸ್‌ಚೇಂಜ್ ಶೆಲ್‌ನಲ್ಲಿ ಗೆಟ್-ಎಕ್ಸ್‌ಚೇಂಜ್‌ಸರ್ವರ್ ಅಂತ ಹೊಡೆಯಿರಿ. ಎಷ್ಟೋ ವರ್ಷದ ಹಿಂದೆ ಹಾರ್ಡ್‌ವೇರ್ ಕೆಟ್ಟು ಹೋದ ಸರ್ವರಿನ ಹೆಸರು ಅಲ್ಲಿ ಇನ್ನೂ ಕಾಣಬಹುದು. ಯಂತ್ರ ಗುಜರಿಗೆ ಹೋಗಿರುತ್ತದೆ, ಡೈರೆಕ್ಟರಿಯಲ್ಲಿ ಮಾತ್ರ ಅದು ಜೀವಂತ. ಆ ಹೆಸರನ್ನು ಡೈರೆಕ್ಟರಿಯನ್ನು ನೇರವಾಗಿ ತಿದ್ದುವ ಎಡಿಎಸ್ಐ ಎಡಿಟ್‌ನಲ್ಲಿ ಹೋಗಿ ಸುಮ್ನೆ ಡಿಲೀಟ್ ಮಾಡಬೇಡಿ. ಸರಿಯಾದ ದಾರಿ ಬೇರೆ: ಅದೇ ಹೆಸರಿನ ವರ್ಚುವಲ್ ಮಷಿನ್ ಮಾಡಿ, ಸೆಟಪ್‌ನ ರಿಕವರ್‌ಸರ್ವರ್ ಮೋಡ್‌ನಲ್ಲಿ ಎಕ್ಸ್‌ಚೇಂಜನ್ನು ಎಬ್ಬಿಸಿ, ಆಮೇಲೆ ಕ್ರಮವಾಗಿ ಅನ್‌ಇನ್‌ಸ್ಟಾಲ್ ಮಾಡಿ. ಒಂದು ದಿನ ಜಾಸ್ತಿ ಹಿಡಿಯುತ್ತದೆ. ಆದರೆ ಡೈರೆಕ್ಟರಿಯ ಕಾನ್ಫಿಗರೇಶನ್ ಪಾರ್ಟಿಷನ್ ಎಂಬ ಭಾಗದಲ್ಲಿ ಅರ್ಧಂಬರ್ಧ ಕೊಂಡಿಗಳು ಉಳಿಯುವುದಿಲ್ಲ.

ಆಮೇಲೆ ಡೊಮೇನ್ ಕಂಟ್ರೋಲರ್‌ಗಳ, ಅಂದರೆ ಡೈರೆಕ್ಟರಿಯ ಪ್ರತಿ ಇಟ್ಟುಕೊಂಡು ಲಾಗಿನ್ ನೋಡಿಕೊಳ್ಳುವ ಸರ್ವರ್‌ಗಳ ಪಟ್ಟಿ. ಇವುಗಳನ್ನು ಮುಂದೆ ಡಿಸಿ ಎಂದೇ ಬರೆಯುತ್ತೇನೆ. ಪ್ರತಿ ಡಿಸಿಯ ವಿಂಡೋಸ್ ವರ್ಷನ್, ಅದು ಇರುವ ಸೈಟ್ (ನೆಟ್‌ವರ್ಕಿನ ಜಾಗ), ಇಡೀ ಫಾರೆಸ್ಟಿನ ಆಬ್ಜೆಕ್ಟ್‌ಗಳ ಸೂಚಿ ಇಡುವ ಗ್ಲೋಬಲ್ ಕ್ಯಾಟಲಾಗ್ ಹೌದೋ ಅಲ್ಲವೋ, ಬರೆಯಲು ಬರುವ ಡಿಸಿಯೋ ಅಥವಾ ರೀಡ್-ಓನ್ಲಿಯೋ, ಇಷ್ಟನ್ನೂ ಒಂದು ಎಕ್ಸೆಲ್ ಶೀಟಿನಲ್ಲಿ ಬರೆದಿಡಿ. ಎಕ್ಸ್‌ಚೇಂಜ್ ಕೂರುವ ಪ್ರತಿ ಸೈಟಿನಲ್ಲೂ ಬರೆಯಲು ಬರುವ ಒಂದು ಗ್ಲೋಬಲ್ ಕ್ಯಾಟಲಾಗ್ ಡಿಸಿ ಬೇಕೇ ಬೇಕು, ಎರಡಿದ್ದರೆ ನೆಮ್ಮದಿ. ರೀಡ್-ಓನ್ಲಿ ಡಿಸಿಯನ್ನು ಎಕ್ಸ್‌ಚೇಂಜ್ ಬಳಸುವುದಿಲ್ಲ.

ಫಾರೆಸ್ಟಿನ ಎಲ್ಲ ಡಿಸಿಗಳೂ ಒಪ್ಪುವ ವಿಂಡೋಸ್ ಮಟ್ಟವಾದ ಫಾರೆಸ್ಟ್ ಫಂಕ್ಷನಲ್ ಲೆವೆಲ್ ಕಡಿಮೆ ಅಂದರೆ ವಿಂಡೋಸ್ ಸರ್ವರ್ 2012 ಆರ್2 ಇರಬೇಕು. ಪವರ್‌ಶೆಲ್‌ನಲ್ಲಿ ಗೆಟ್-ಎಡಿಫಾರೆಸ್ಟ್ ಹೊಡೆದರೆ ಫಾರೆಸ್ಟ್‌ಮೋಡ್ ಎಂಬ ಸಾಲಿನಲ್ಲಿ ಅದು ಕಾಣುತ್ತದೆ. ಲೆವೆಲ್ ಏರಿಸಬೇಕಾದರೆ ಹಳೆಯ ಡಿಸಿಗಳು ಮೊದಲು ಹೊರಗೆ ಹೋಗಬೇಕು. ಅವುಗಳ ಜಾಗಕ್ಕೆ ವಿಂಡೋಸ್ ಸರ್ವರ್ 2019 ಅಥವಾ 2022 ತರುವ ಯೋಚನೆ ಇದ್ದರೆ ಇನ್ನೊಂದು ಗಂಟು ಎದುರಾಗಬಹುದು. ಅದು ಸಿಸ್‌ವಾಲ್, ಡಿಸಿಗಳು ಗ್ರೂಪ್ ಪಾಲಿಸಿ ಫೈಲ್‌ಗಳನ್ನು ಹಂಚಿಕೊಳ್ಳುವ ಫೋಲ್ಡರ್. ಬಹಳ ಹಳೆಯ ಫಾರೆಸ್ಟ್‌ಗಳಲ್ಲಿ ಸಿಸ್‌ವಾಲ್ ಇನ್ನೂ ಎಫ್‌ಆರ್‌ಎಸ್ ಎಂಬ ಹಳೆಯ ನಕಲು ವ್ಯವಸ್ಥೆಯ ಮೇಲೆ ಓಡುತ್ತಿರುತ್ತದೆ. ಹೊಸ ವಿಂಡೋಸ್ ಸರ್ವರ್‌ಗಳು ಅದನ್ನು ಒಪ್ಪುವುದಿಲ್ಲ. ಡಿಎಫ್‌ಎಸ್‌ಆರ್‌ಮಿಗ್ ಕಮಾಂಡಿಗೆ /ಗೆಟ್‌ಗ್ಲೋಬಲ್‌ಸ್ಟೇಟ್ ಸೇರಿಸಿ ಓಡಿಸಿ. ಉತ್ತರ ‘ಎಲಿಮಿನೇಟೆಡ್’ ಬಂದರೆ ಈ ಚಿಂತೆ ಇಲ್ಲ.

ಕೊನೆಗೆ ನೆಟ್‌ಡೊಮ್ ಕ್ವೆರಿ ಎಫ್‌ಎಸ್‌ಎಂಒ. ಒಂದು ಸಲಕ್ಕೆ ಒಂದೇ ಡಿಸಿ ಹೊರುವ ಐದು ವಿಶೇಷ ರೋಲ್‌ಗಳು ಯಾವ ಡಿಸಿಯಲ್ಲಿವೆ ಅಂತ ಇದು ಹೇಳುತ್ತದೆ. ಅದರಲ್ಲಿ ಸ್ಕೀಮಾ ಬದಲಿಸುವ ಅಧಿಕಾರ ಇರುವ ಸ್ಕೀಮಾ ಮಾಸ್ಟರ್ ಯಾರು ಅನ್ನುವುದನ್ನು ಕೆಂಪು ಪೆನ್ನಲ್ಲಿ ಗುರುತು ಮಾಡಿಕೊಳ್ಳಿ.

ಸ್ಕೀಮಾ ಮಾಸ್ಟರ್ ರೋಲ್ ವಿಂಡೋಸ್ ಸರ್ವರ್ 2025ರ ಡಿಸಿಯಲ್ಲಿ ಇದ್ದರೆ ಇಲ್ಲೇ ಒಂದು ನಿಮಿಷ ನಿಲ್ಲಿ. ಅಂಥ ಡಿಸಿಯ ಮೇಲೆ ಎಕ್ಸ್‌ಚೇಂಜ್ ಸ್ಕೀಮಾ ವಿಸ್ತರಿಸಿದಾಗ ಕೆಲವು ಸ್ಕೀಮಾ ಆಬ್ಜೆಕ್ಟ್‌ಗಳಲ್ಲಿ ಒಂದೇ ಮೌಲ್ಯ ಎರಡೆರಡು ಸಲ ಕೂತು, ಹಳೆಯ ಡಿಸಿಗಳ ಜೊತೆ ರೆಪ್ಲಿಕೇಶನ್, ಅಂದರೆ ಬದಲಾವಣೆಗಳ ವಿನಿಮಯ, ನಿಂತುಹೋಗುವ ದೋಷವೊಂದನ್ನು ಮೈಕ್ರೋಸಾಫ್ಟ್ 2025ರಲ್ಲಿ ಒಪ್ಪಿಕೊಂಡಿತ್ತು. ನಾನಾದರೆ ಈ ಕೆಲಸದ ಮಟ್ಟಿಗೆ ರೋಲನ್ನು 2022 ಅಥವಾ 2019ರ ಡಿಸಿಗೆ ವರ್ಗ ಮಾಡಿ, ಮುಗಿದ ಮೇಲೆ ವಾಪಸ್ ತರುತ್ತೇನೆ. ಐದು ನಿಮಿಷದ ಕೆಲಸ.

## ರೆಪ್ಲಿಕೇಶನ್: ವಾರದ ಅರ್ಧ ಇಲ್ಲಿಗೇ ಹೋಗಲಿ

ಸ್ಕೀಮಾ ಬದಲಾವಣೆ ಒಂದೇ ಒಂದು ಡಿಸಿಯ ಮೇಲೆ ಆಗುತ್ತದೆ. ಅಲ್ಲಿಂದ ಉಳಿದ ಎಲ್ಲ ಡಿಸಿಗಳಿಗೂ ಹರಿದು ಹೋಗಬೇಕು. ಆ ಹರಿವು ಎಲ್ಲಾದರೂ ಕಟ್ಟಿಕೊಂಡಿದ್ದರೆ ನಿಮ್ಮ ಫಾರೆಸ್ಟಿನಲ್ಲಿ ಹೊಸ ಸ್ಕೀಮಾ ಗೊತ್ತಿರುವ ಡಿಸಿಗಳು, ಗೊತ್ತಿಲ್ಲದ ಡಿಸಿಗಳು ಅಂತ ಎರಡು ಗುಂಪು ಆಗುತ್ತವೆ. ಹೊಸ ಎಕ್ಸ್‌ಚೇಂಜ್ ಯಾವ ಗುಂಪಿನ ಡಿಸಿಯನ್ನು ಹಿಡಿಯುತ್ತದೆ ಅನ್ನುವುದು ಅವತ್ತಿನ ಅದೃಷ್ಟ.

ಮೊದಲು ಓಡಿಸಬೇಕಾದ್ದು ರೆಪ್‌ಅಡ್ಮಿನ್ /ರೆಪ್ಲ್‌ಸಮರಿ. ಇದು ಎರಡು ಪಟ್ಟಿ ಕೊಡುತ್ತದೆ. ಮೇಲೆ ಕಳಿಸುವ ಡಿಸಿಗಳು, ಕೆಳಗೆ ಪಡೆಯುವ ಡಿಸಿಗಳು. ಪ್ರತಿ ಹೆಸರಿನ ಮುಂದೆ ‘ಲಾರ್ಜೆಸ್ಟ್ ಡೆಲ್ಟಾ’ ಎಂಬ ಕಾಲಮ್ ಇದೆ. ಕೊನೆಯ ಸಲ ಸರಿಯಾಗಿ ರೆಪ್ಲಿಕೇಟ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ ಅದು. ನಿಮಿಷ, ಗಂಟೆಗಳಲ್ಲಿ ಇರಬೇಕು. ಪಕ್ಕದಲ್ಲಿ ಫೇಲ್ ಆದ ಸಂಖ್ಯೆ ಸೊನ್ನೆ ಇರಬೇಕು.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹೆಡ್ ಆಫೀಸ್ ಬೆಂಗಳೂರಿನಲ್ಲಿ, ಬ್ರಾಂಚ್‌ಗಳು ಹುಬ್ಬಳ್ಳಿ ಮತ್ತು ಮಂಗಳೂರಿನಲ್ಲಿ. ರೆಪ್ಲ್‌ಸಮರಿ ಓಡಿಸಿದಾಗ ಹುಬ್ಬಳ್ಳಿ ಡಿಸಿಯ ಮುಂದೆ ‘60 ದಿನಕ್ಕಿಂತ ಜಾಸ್ತಿ’ ಅಂತ ಬಂತು. ಆ ಕಾಲಮ್ 60 ದಿನದ ಆಚೆ ಲೆಕ್ಕ ಹೇಳುವುದೇ ಇಲ್ಲ, ಅಷ್ಟಕ್ಕೇ ನಿಲ್ಲಿಸುತ್ತದೆ. ಫೋನ್ ಮಾಡಿ ಕೇಳಿದೆ. ಯುಪಿಎಸ್ ಕೆಟ್ಟಾಗ ಆಫ್ ಆದ ಯಂತ್ರ, ಆಮೇಲೆ ಯಾರೂ ಆನ್ ಮಾಡಿಲ್ಲ. ಅಲ್ಲಿನ ಕಂಪ್ಯೂಟರ್‌ಗಳು ವಿಪಿಎನ್ ಮೂಲಕ ಬೆಂಗಳೂರಿನ ಡಿಸಿಗೆ ಬಂದು ಲಾಗಿನ್ ಆಗುತ್ತಿದ್ದವು, ಬೆಳಗ್ಗೆ ಸ್ವಲ್ಪ ನಿಧಾನ, ಅಷ್ಟೇ. ಯಾರೂ ದೂರು ಕೊಟ್ಟಿರಲಿಲ್ಲ. ಅಲ್ಲಿದ್ದ ಹುಡುಗ ಸಹಾಯ ಮಾಡುವ ಉತ್ಸಾಹದಲ್ಲಿ ‘ಸರ್, ಈಗಲೇ ಆನ್ ಮಾಡ್ಲಾ?’ ಅಂದ. ಬೇಡ ಅಂದೆ. ಆಫ್ ಆಗಿ ಏಳು ತಿಂಗಳಾಗಿತ್ತು.

ಏಕೆ ಬೇಡ ಅಂದರೆ, ಡೈರೆಕ್ಟರಿಯಲ್ಲಿ ಡಿಲೀಟ್ ಆದ ಆಬ್ಜೆಕ್ಟಿನ ಗುರುತು ಉಳಿಯುವ ಅವಧಿ ಸಾಮಾನ್ಯವಾಗಿ 180 ದಿನ. ಇದೇ ಟೂಂಬ್‌ಸ್ಟೋನ್ ಲೈಫ್‌ಟೈಮ್. ಅದಕ್ಕಿಂತ ಜಾಸ್ತಿ ದಿನ ಮಲಗಿದ್ದ ಡಿಸಿ ಎದ್ದರೆ, ಬೇರೆಯವರು ಅಳಿಸಿ ಮರೆತ ಯೂಸರ್‌ಗಳು ಅದರಲ್ಲಿ ಇನ್ನೂ ಇರುತ್ತಾರೆ. ಉಳಿದ ಡಿಸಿಗಳು ಅದರೊಂದಿಗೆ ಮಾತಾಡಲು ಒಪ್ಪದೆ 8614 ಎಂಬ ಎರರ್ ಕೊಡುತ್ತವೆ. ಅದನ್ನು ಬಲವಂತವಾಗಿ ಒಪ್ಪಿಸುವ ರಿಜಿಸ್ಟ್ರಿ ಉಪಾಯ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಾವು ಮಾಡಿದ್ದು ಇಷ್ಟು: ಆ ಯಂತ್ರವನ್ನು ನೆಟ್‌ವರ್ಕಿಗೆ ಸೇರಿಸಲೇ ಇಲ್ಲ. ಬೆಂಗಳೂರಿನಲ್ಲಿ ಆಕ್ಟಿವ್ ಡೈರೆಕ್ಟರಿ ಯೂಸರ್ಸ್ ಅಂಡ್ ಕಂಪ್ಯೂಟರ್ಸ್ ತೆರೆದು ಆ ಡಿಸಿಯ ಅಕೌಂಟ್ ಡಿಲೀಟ್ ಮಾಡಿದೆವು. ಈಗಿನ ವಿಂಡೋಸ್ ಸರ್ವರ್‌ಗಳಲ್ಲಿ ಇದರ ಜೊತೆಗೇ ಮೆಟಾಡೇಟಾ ಕ್ಲೀನಪ್ ಕೂಡ ಆಗುತ್ತದೆ. ಸೈಟ್ಸ್ ಅಂಡ್ ಸರ್ವಿಸಸ್‌ನಲ್ಲಿ, ಡಿಎನ್‌ಎಸ್‌ನಲ್ಲಿ ಉಳಿದ ಚೂರುಪಾರು ತೆಗೆದೆವು. ಹುಬ್ಬಳ್ಳಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿ ಮತ್ತೆ ಡಿಸಿ ಮಾಡಿದೆವು. ಇಷ್ಟಕ್ಕೆ ಎರಡು ದಿನ. ಸ್ಕೀಮಾ ಅಪ್‌ಡೇಟ್ ಆದ ಮೇಲೆ ಯಾರಾದರೂ ಆ ಯಂತ್ರದ ಬಟನ್ ಒತ್ತಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ರೆಪ್ಲ್‌ಸಮರಿ ಮೇಲ್ನೋಟ ಮಾತ್ರ. ಒಳಗೆ ನೋಡಲು ರೆಪ್‌ಅಡ್ಮಿನ್ /ಶೋರೆಪ್ಲ್ ಕಮಾಂಡಿಗೆ ನಕ್ಷತ್ರ ಚಿಹ್ನೆ ಮತ್ತು /ಸಿಎಸ್‌ವಿ ಸೇರಿಸಿ ಒಂದು ಫೈಲಿಗೆ ಇಳಿಸಿ. ಎಕ್ಸೆಲ್‌ನಲ್ಲಿ ತೆರೆದು ಫೇಲ್ ಸಂಖ್ಯೆ ಸೊನ್ನೆ ಅಲ್ಲದ ಸಾಲುಗಳನ್ನು ಫಿಲ್ಟರ್ ಮಾಡಿ. ಸ್ಕೀಮಾ ಪಾರ್ಟಿಷನ್ ಮತ್ತು ಕಾನ್ಫಿಗರೇಶನ್ ಪಾರ್ಟಿಷನ್ ಸಾಲುಗಳನ್ನು ಬೇರೆಯಾಗಿ ನೋಡಿ. ಡೊಮೇನ್ ಪಾರ್ಟಿಷನ್ ಸರಿಯಾಗಿ ಹರಿಯುತ್ತಾ, ಸ್ಕೀಮಾ ಮಾತ್ರ ನಿಂತಿರುವ ಸಾಧ್ಯತೆಯೂ ಇದೆ. ನಮಗೆ ಬೇಕಾಗಿರುವುದು ಸ್ಕೀಮಾದ ಹರಿವೇ ಅಲ್ವಾ.

ಇದಾದ ಮೇಲೆ ಡಿಸಿಡಯಾಗ್. /ಇ ಸೇರಿಸಿದರೆ ಫಾರೆಸ್ಟಿನ ಎಲ್ಲ ಡಿಸಿಗಳನ್ನೂ ನೋಡುತ್ತದೆ. ಉದ್ದನೆಯ ಔಟ್‌ಪುಟ್ ಬರುತ್ತದೆ, ಫೈಲಿಗೆ ಇಳಿಸಿ ‘ಫೇಲ್ಡ್’ ಅಂತ ಹುಡುಕಿ. ಸಿಸ್ಟಮ್‌ಲಾಗ್ ಟೆಸ್ಟ್ ಫೇಲ್ ಆಗಿದ್ದರೆ ಗಾಬರಿ ಬೇಡ. ಯಾವುದೋ ಪ್ರಿಂಟರ್ ಡ್ರೈವರಿನ ಎರರ್ ಇದ್ದರೂ ಅದು ಫೇಲ್ ಅನ್ನುತ್ತದೆ. ರೆಪ್ಲಿಕೇಶನ್ಸ್, ನೆಟ್‌ಲಾಗನ್ಸ್, ಅಡ್ವರ್ಟೈಸಿಂಗ್, ನೋಸ್‌ಆಫ್‌ರೋಲ್‌ಹೋಲ್ಡರ್ಸ್, ಈ ನಾಲ್ಕರಲ್ಲಿ ಒಂದು ಫೇಲ್ ಆದರೂ ಮುಂದೆ ಹೋಗಬೇಡಿ. ಡಿಎನ್‌ಎಸ್ ಟೆಸ್ಟನ್ನು ಬೇರೆಯಾಗಿ ಓಡಿಸಿ.

ಗಡಿಯಾರವನ್ನೂ ನೋಡಿ. ಲಾಗಿನ್ ಪರಿಶೀಲಿಸುವ ಕೆರ್ಬೆರೋಸ್ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಸಹಿಸುವುದಿಲ್ಲ. ಡಬ್ಲ್ಯು32ಟಿಎಂ /ಮಾನಿಟರ್ ಹೊಡೆದರೆ ಎಲ್ಲ ಡಿಸಿಗಳ ಅಂತರ ಒಂದೇ ಕಡೆ ಕಾಣುತ್ತದೆ. ವರ್ಚುವಲ್ ಡಿಸಿಗಳು ಹೋಸ್ಟಿನಿಂದ ಟೈಮ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಈಗಲೇ ಸರಿಮಾಡಿ. ಹಾಗೇ ಸೆಟ್‌ಎಸ್‌ಪಿಎನ್ -ಎಕ್ಸ್ ಓಡಿಸಿ, ಒಂದೇ ಎಸ್‌ಪಿಎನ್, ಅಂದರೆ ಸರ್ವಿಸ್‌ನ ಗುರುತಿನ ಹೆಸರು, ಎರಡು ಅಕೌಂಟಿನಲ್ಲಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

## ಬ್ಯಾಕಪ್ ಮತ್ತು ಒಂದು ತಾಲೀಮು

‘ಡಿಸಿ ವಿಎಂಗೆ ಸ್ನ್ಯಾಪ್‌ಶಾಟ್ ತೆಗೆದಿದ್ದೇವೆ ಸರ್’ ಅನ್ನುವ ಮಾತು ತುಂಬ ಸಲ ಕೇಳಿದ್ದೇನೆ. ಸ್ನ್ಯಾಪ್‌ಶಾಟ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸ್ಕೀಮಾ ಮಾಸ್ಟರನ್ನು ನಿನ್ನೆಗೆ ತಿರುಗಿಸಿದಿರಿ ಅಂದುಕೊಳ್ಳಿ. ಪಕ್ಕದ ಡಿಸಿಗೆ ಹೊಸ ಸ್ಕೀಮಾ ಆಗಲೇ ತಲುಪಿರುತ್ತದೆ. ಅದು ಮತ್ತೆ ಇವನಿಗೇ ಕಳಿಸಿಬಿಡುತ್ತದೆ. ಹೈಪರ್‌ವೈಸರ್ ಹಳೆಯದಾಗಿದ್ದು ವಿಎಂ ಜನರೇಷನ್ ಐಡಿ ಇಲ್ಲದಿದ್ದರಂತೂ ಬದಲಾವಣೆಗಳ ಎಣಿಕೆಯೇ ಹಿಂದಕ್ಕೆ ಹೋಗುವ ಯುಎಸ್‌ಎನ್ ರೋಲ್‌ಬ್ಯಾಕ್ ಎಂಬ ಇನ್ನೊಂದು ತಾಪತ್ರಯ.

ಬೇಕಾಗಿರುವುದು ಡೈರೆಕ್ಟರಿಯೂ ಸೇರಿದ ಸಿಸ್ಟಮ್ ಸ್ಟೇಟ್ ಬ್ಯಾಕಪ್. ಪ್ರತಿ ಡೊಮೇನಿನಲ್ಲಿ ಕಡಿಮೆ ಅಂದರೆ ಎರಡು ಡಿಸಿಗಳದ್ದು, ಸ್ಕೀಮಾ ಮಾಸ್ಟರ್ ಅದರಲ್ಲಿ ಸೇರಿರಲಿ. ವಿಂಡೋಸ್ ಸರ್ವರ್ ಬ್ಯಾಕಪ್ ಫೀಚರ್ ಹಾಕಿ, ಡಬ್ಲ್ಯುಬಿಅಡ್ಮಿನ್ ಸ್ಟಾರ್ಟ್ ಸಿಸ್ಟಮ್‌ಸ್ಟೇಟ್‌ಬ್ಯಾಕಪ್ ಓಡಿಸಿ, ಬೇರೆ ಡ್ರೈವಿಗೆ ಇಳಿಸಿ. ಆ ಫೈಲನ್ನು ಡೊಮೇನಿಗೆ ಸೇರದ ಒಂದು ಜಾಗಕ್ಕೂ ಕಾಪಿ ಮಾಡಿ. ಡೊಮೇನೇ ಬಿದ್ದ ದಿನ ಡೊಮೇನ್ ಪಾಸ್‌ವರ್ಡ್ ಕೇಳುವ ಶೇರ್‌ನಲ್ಲಿ ಬ್ಯಾಕಪ್ ಇದ್ದರೆ ಕೈಗೆ ಸಿಗುವುದಿಲ್ಲ.

ಜೊತೆಗೆ ಡಿಎಸ್‌ಆರ್‌ಎಂ ಪಾಸ್‌ವರ್ಡ್, ಅಂದರೆ ಡಿಸಿಯನ್ನು ಡೈರೆಕ್ಟರಿ ರಿಪೇರಿ ಮೋಡ್‌ನಲ್ಲಿ ಎಬ್ಬಿಸಿದಾಗ ಬೇಕಾದದ್ದು. ಡಿಸಿ ಮಾಡಿದ ದಿನ ಯಾರೋ ಹಾಕಿದ್ದು, ಆ ವ್ಯಕ್ತಿ ಕೆಲಸ ಬಿಟ್ಟು ಹೋಗಿರುತ್ತಾರೆ. ಎನ್‌ಟಿಡಿಎಸ್‌ಯುಟಿಲ್ ಮೂಲಕ ಈಗಲೇ ಹೊಸದು ಹಾಕಿ, ಕಾಗದದ ಮೇಲೆ ಬರೆದು ಲಕೋಟೆಯಲ್ಲಿ ಮುಚ್ಚಿ ಬೀರುವಿನಲ್ಲಿ ಇಡಿ.

ಬ್ಯಾಕಪ್ ತೆಗೆದದ್ದು ನಿಜವಾಗಿ ಏಳುತ್ತದೋ ಇಲ್ಲವೋ ಅನ್ನುವುದು ಎಬ್ಬಿಸಿದ ಮೇಲೇ ಗೊತ್ತಾಗುವುದು. ಹೊರಗಿನ ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಒಂದು ವರ್ಚುವಲ್ ಸ್ವಿಚ್ ಮಾಡಿ. ಅದರಲ್ಲಿ ಒಂದು ಡಿಸಿಯನ್ನು ರಿಸ್ಟೋರ್ ಮಾಡಿ, ಐದು ರೋಲ್‌ಗಳನ್ನೂ ಅದಕ್ಕೇ ಸೀಜ್ ಮಾಡಿ (ಅಂದರೆ ಬಲವಂತವಾಗಿ ವಹಿಸಿ), ಉಳಿದ ಡಿಸಿಗಳನ್ನು ಅಲ್ಲಿಂದ ಅಳಿಸಿ, ಮುಂದೆ ಹೇಳುವ ಮೂರೂ ಕಮಾಂಡ್‌ಗಳನ್ನು ಅಲ್ಲೇ ಓಡಿಸಿ ನೋಡಿ. ಬ್ಯಾಕಪ್ಪಿಗೂ ಪರೀಕ್ಷೆ, ಸ್ಕೀಮಾಕ್ಕೂ ಪರೀಕ್ಷೆ. ಹಳೆಯ ಯಾವುದೋ ಸಾಫ್ಟ್‌ವೇರ್ ಸ್ಕೀಮಾದಲ್ಲಿ ತನ್ನದೇ ಆಟ್ರಿಬ್ಯೂಟ್ ಸೇರಿಸಿ ಘರ್ಷಣೆ ಇಟ್ಟಿದ್ದರೆ ಅದು ಇಲ್ಲೇ ಸಿಕ್ಕಿಬೀಳುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ವಿಎಂ ಅನ್ನು ಪೂರ್ತಿ ಅಳಿಸಿ. ಅದರಲ್ಲಿ ಇಡೀ ಕಂಪನಿಯ ಪಾಸ್‌ವರ್ಡ್ ಹ್ಯಾಷ್‌ಗಳಿವೆ.

ಕೆಲವರು ಸ್ಕೀಮಾ ಮಾಸ್ಟರಿನ ಹೊರಹೋಗುವ ರೆಪ್ಲಿಕೇಶನ್ ನಿಲ್ಲಿಸಿ ಕಮಾಂಡ್ ಓಡಿಸುತ್ತಾರೆ. ಸರಿ ಇದ್ದರೆ ಮತ್ತೆ ಬಿಡುವುದು, ತಪ್ಪಿದರೆ ಆ ಡಿಸಿಯನ್ನೇ ಬಲಿ ಕೊಡುವುದು. ತಾಲೀಮು ಸರಿಯಾಗಿ ಮಾಡಿದವರಿಗೆ ಇದು ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಲು ಮರೆಯುವ ಅಪಾಯವೇ ಅದರಲ್ಲಿ ದೊಡ್ಡದು.

## ಕಮಾಂಡ್ ಓಡಿಸುವ ಯಂತ್ರ ಮತ್ತು ಅಕೌಂಟ್

ಸ್ಕೀಮಾ ಮಾಸ್ಟರ್ ಇರುವ ಡೊಮೇನ್, ಸ್ಕೀಮಾ ಮಾಸ್ಟರ್ ಇರುವ ಸೈಟ್. ಕಮಾಂಡ್ ಓಡಿಸುವ ಯಂತ್ರ ಅಲ್ಲೇ ಇರಬೇಕು. ಹೊಸ ಎಕ್ಸ್‌ಚೇಂಜ್ ಕೂರಬೇಕಾದ ಸರ್ವರ್ ಅದೇ ಸೈಟಿನಲ್ಲಿದ್ದರೆ ಅದನ್ನೇ ಬಳಸಿ. ಎಸ್‌ಇ ಕೂರುವುದು ವಿಂಡೋಸ್ ಸರ್ವರ್ 2019, 2022 ಅಥವಾ 2025ರ ಮೇಲೆ. ಅದರಲ್ಲಿ ಡಾಟ್ ನೆಟ್ ಫ್ರೇಮ್‌ವರ್ಕ್ 4.8 ಅಥವಾ 4.8.1, ವಿಷುವಲ್ ಸಿ++ 2012ರ ರೀಡಿಸ್ಟ್ರಿಬ್ಯೂಟಬಲ್, ಆಮೇಲೆ ಡೈರೆಕ್ಟರಿ ನಿರ್ವಹಿಸುವ ಆರ್‌ಸ್ಯಾಟ್-ಎಡಿಡಿಎಸ್ ಫೀಚರ್ ಇರಲಿ. ಫಾರೆಸ್ಟಿನ ಎಲ್ಲ ಡೊಮೇನ್‌ಗಳನ್ನೂ ಟಿಸಿಪಿ 389 ಪೋರ್ಟಿನಲ್ಲಿ ಮುಟ್ಟಲು ಆ ಯಂತ್ರಕ್ಕೆ ಆಗಬೇಕು. ನಡುವೆ ಫೈರ್‌ವಾಲ್ ಇದ್ದರೆ ನೆಟ್‌ವರ್ಕ್ ತಂಡದವರಿಗೆ ಮೊದಲೇ ಹೇಳಿ.

ಅಕೌಂಟ್ ಎರಡು ಗ್ರೂಪಿನಲ್ಲಿ ಇರಬೇಕು: ಸ್ಕೀಮಾ ಅಡ್ಮಿನ್ಸ್ ಮತ್ತು ಎಂಟರ್‌ಪ್ರೈಸ್ ಅಡ್ಮಿನ್ಸ್. ಸ್ಕೀಮಾ ಅಡ್ಮಿನ್ಸ್ ಗ್ರೂಪ್ ಮಾಮೂಲಿ ದಿನಗಳಲ್ಲಿ ಖಾಲಿ ಇರುವುದೇ ಒಳ್ಳೆಯದು. ಸೇರಿಸಿದ ಮೇಲೆ ಲಾಗಾಫ್ ಆಗಿ ಮತ್ತೆ ಲಾಗಿನ್ ಆಗಿ. ಇದನ್ನು ಬಿಟ್ಟು, ‘ಗ್ರೂಪಿಗೆ ಸೇರಿಸಿದ್ದೇನೆ, ಆದರೂ ಪರ್ಮಿಷನ್ ಇಲ್ಲ ಅಂತಿದೆ’ ಅಂತ ಅರ್ಧ ರಾತ್ರಿ ಕಳೆದವರನ್ನು ನೋಡಿದ್ದೇನೆ. ಹೂಆಮ್ಐ /ಗ್ರೂಪ್ಸ್ ಹೊಡೆದು ಎರಡೂ ಹೆಸರು ಕಣ್ಣಿಗೆ ಬಿದ್ದ ಮೇಲೆ ಮುಂದೆ ಹೋಗಿ.

## ಮೂರು ಕಮಾಂಡ್‌ಗಳು

ಎಸ್‌ಇಯ ಐಎಸ್‌ಒ ಮೌಂಟ್ ಮಾಡಿ. ಇ ಡ್ರೈವ್ ಬಂತು ಅಂದುಕೊಳ್ಳೋಣ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಹಳೆಯ ಎಕ್ಸ್‌ಚೇಂಜ್ ಇರುವ ಸರ್ವರಿನಲ್ಲಿ ಕೂತಿದ್ದರೆ ಒಂದು ಎಚ್ಚರ: ಬರೀ ‘ಸೆಟಪ್’ ಅಂತ ಹೊಡೆದರೆ ಹಳೆಯ ಎಕ್ಸ್‌ಚೇಂಜ್ ಫೋಲ್ಡರಿನ ಸೆಟಪ್ ಓಡಿಬಿಡಬಹುದು. ಡ್ರೈವ್ ಅಕ್ಷರದ ಸಮೇತ ಪೂರ್ತಿ ಹಾದಿ ಕೊಡಿ.

ಮೊದಲ ಕಮಾಂಡ್ ಸೆಟಪ್ /ಪ್ರಿಪೇರ್‌ಸ್ಕೀಮಾ. ಇದರ ಜೊತೆ ಲೈಸೆನ್ಸ್ ಒಪ್ಪುವ ಸ್ವಿಚ್ ಕಡ್ಡಾಯ. 2021ರ ಸೆಪ್ಟೆಂಬರ್‌ನ ಸಿಯುಗಳಿಂದ ಆ ಸ್ವಿಚ್ಚಿನ ಕೊನೆಯಲ್ಲಿ ಅಂಡರ್‌ಸ್ಕೋರ್ ಹಾಕಿ ‘ಡಯಾಗ್ನಾಸ್ಟಿಕ್‌ಡೇಟಾಆನ್’ ಅಥವಾ ‘ಡಯಾಗ್ನಾಸ್ಟಿಕ್‌ಡೇಟಾಆಫ್’ ಸೇರಿಸಬೇಕು. ಹಳೆಯ ನೋಟ್ಸ್‌ನಿಂದ ಕಾಪಿ ಮಾಡಿದ ಸ್ವಿಚ್ ಕೆಲಸ ಮಾಡುವುದಿಲ್ಲ. ಪರದೆಯಲ್ಲಿ ‘ಎಕ್ಸ್‌ಟೆಂಡಿಂಗ್ ಆಕ್ಟಿವ್ ಡೈರೆಕ್ಟರಿ ಸ್ಕೀಮಾ’ ಎದುರು ಶೇಕಡಾವಾರು ಏರುತ್ತಾ ಹೋಗುತ್ತದೆ. ಒಳಗೆ ನಡೆಯುತ್ತಿರುವುದು ಸ್ಕೀಮಾ ಬದಲಾವಣೆಗಳಿರುವ ಎಲ್‌ಡಿಐಎಫ್ ಫೈಲ್‌ಗಳು ಒಂದಾದ ಮೇಲೊಂದು ಸ್ಕೀಮಾ ಮಾಸ್ಟರಿಗೆ ಇಳಿಯುವ ಕೆಲಸ. ನಡುವೆ ಕಂಟ್ರೋಲ್ ಸಿ ಒತ್ತಬೇಡಿ. ಏನಾದರೂ ತಪ್ಪಿದರೆ ಸಿ ಡ್ರೈವಿನ ಎಕ್ಸ್‌ಚೇಂಜ್‌ಸೆಟಪ್‌ಲಾಗ್ಸ್ ಫೋಲ್ಡರಿನಲ್ಲಿ ಎಕ್ಸ್‌ಚೇಂಜ್‌ಸೆಟಪ್ ಲಾಗ್ ಇದೆ. ಕೆಳಗಿನಿಂದ ಮೇಲಕ್ಕೆ ಓದಿ.

ಮುಗಿಯಿತು ಅಂತ ಬಂದ ಕೂಡಲೇ ಎರಡನೇ ಕಮಾಂಡಿಗೆ ಹೋಗಬೇಡಿ. ಸ್ಕೀಮಾ ಎಲ್ಲ ಡಿಸಿಗೂ ತಲುಪಬೇಕು. ಒಂದೇ ಸೈಟಿನೊಳಗೆ ಇದು ನಿಮಿಷದೊಳಗಿನ ಮಾತು. ಆದರೆ ಸೈಟ್‌ಗಳ ನಡುವೆ ರೆಪ್ಲಿಕೇಶನ್ ಅಂತರ ಯಾರೂ ಬದಲಿಸದಿದ್ದರೆ 180 ನಿಮಿಷ. ಬ್ರಾಂಚ್‌ಗೆ ತಲುಪಲು ಮೂರು ಗಂಟೆ ಕಾಯಬೇಕಾದೀತು. ರೆಪ್‌ಅಡ್ಮಿನ್ /ಸಿಂಕ್‌ಆಲ್ ಕಮಾಂಡಿಗೆ /ಎಡಿಇಪಿ ಸೇರಿಸಿ ಸ್ಕೀಮಾ ಮಾಸ್ಟರಿನಿಂದ ತಳ್ಳಬಹುದು. ಇಲ್ಲಿ ಪಿ ದೊಡ್ಡ ಅಕ್ಷರ, ತಳ್ಳು ಅನ್ನುವ ಅರ್ಥಕ್ಕೆ.

ತಲುಪಿತೇ ಅಂತ ನೋಡುವುದು ಹೀಗೆ. ಸ್ಕೀಮಾ ಪಾರ್ಟಿಷನ್‌ನಲ್ಲಿ ಎಂಎಸ್-ಎಕ್ಸ್ಚ್-ಸ್ಕೀಮಾ-ವರ್ಷನ್-ಪಿಟಿ ಎಂಬ ಆಬ್ಜೆಕ್ಟ್ ಇದೆ. ಅದರ ರೇಂಜ್‌ಅಪ್ಪರ್ ಎಂಬ ಆಟ್ರಿಬ್ಯೂಟ್ 15334 ಇದ್ದದ್ದು 17003 ಆಗಿರಬೇಕು. ಒಂದು ಡಿಸಿಯಲ್ಲಿ ನೋಡಿ ಸುಮ್ಮನಾಗಬೇಡಿ. ಪವರ್‌ಶೆಲ್‌ನಲ್ಲಿ ಗೆಟ್-ಎಡಿಆಬ್ಜೆಕ್ಟ್ ಕಮಾಂಡಿಗೆ -ಸರ್ವರ್ ಕೊಟ್ಟು, ಎಕ್ಸೆಲ್ ಪಟ್ಟಿಯ ಪ್ರತಿ ಡಿಸಿಯನ್ನೂ ಕೇಳಿ. ಪ್ರತಿ ಹೆಸರಿನ ಮುಂದೆಯೂ 17003 ಬರಲಿ. ನಾನು ಈ ಪಟ್ಟಿಯನ್ನು ಪ್ರಿಂಟ್ ತೆಗೆದು ಒಂದೊಂದಕ್ಕೂ ಟಿಕ್ ಹಾಕುತ್ತೇನೆ.

ಇಡೀ ಕೆಲಸದಲ್ಲಿ ನಿಲ್ಲಲು ಒಳ್ಳೆಯ ಜಾಗ ಇದು. ಸ್ಕೀಮಾ ಹೊಸದು, ಉಳಿದದ್ದೆಲ್ಲ ಹಳೆಯದು. ಎಕ್ಸ್‌ಚೇಂಜ್ 2016 ಏನೂ ಆಗದಂತೆ ಕೆಲಸ ಮಾಡುತ್ತಿರುತ್ತದೆ. ಶುಕ್ರವಾರ ಸಂಜೆ ಸ್ಕೀಮಾ, ಶನಿವಾರ ಬೆಳಗ್ಗೆ ಮುಂದಿನದು, ಹೀಗೆ ಹಂಚಿಕೊಂಡರೆ ನಿದ್ದೆಯೂ ಆಗುತ್ತದೆ, ರೆಪ್ಲಿಕೇಶನ್ನೂ ಆಗುತ್ತದೆ.

ಎರಡನೆಯದು ಸೆಟಪ್ /ಪ್ರಿಪೇರ್‌ಎಡಿ. ನಿಮ್ಮಲ್ಲಿ ಎಕ್ಸ್‌ಚೇಂಜ್ ಈಗಾಗಲೇ ಇರುವುದರಿಂದ ಆರ್ಗನೈಸೇಶನ್ ಹೆಸರು ಕೊಡುವ ಅಗತ್ಯ ಇಲ್ಲ. ಇದು ಕಾನ್ಫಿಗರೇಶನ್ ಪಾರ್ಟಿಷನ್‌ನಲ್ಲಿ ಎಕ್ಸ್‌ಚೇಂಜ್ ಆರ್ಗನೈಸೇಶನ್ನಿನ ಆಬ್ಜೆಕ್ಟ್‌ಗಳನ್ನು ಹೊಸದು ಮಾಡುತ್ತದೆ. ರೂಟ್ ಡೊಮೇನಿನ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸೆಕ್ಯುರಿಟಿ ಗ್ರೂಪ್ಸ್ ಎಂಬ ಓಯುವಿನಲ್ಲಿ (ಡೈರೆಕ್ಟರಿಯ ಒಂದು ಫೋಲ್ಡರ್) ಇರುವ ಗ್ರೂಪ್‌ಗಳನ್ನು, ಅವುಗಳ ಅನುಮತಿಗಳನ್ನು ಸರಿಮಾಡುತ್ತದೆ. ತಾನು ಓಡಿದ ಡೊಮೇನನ್ನು ಸಿದ್ಧ ಮಾಡುವ ಕೆಲಸವನ್ನೂ ಇದೇ ಮಾಡಿಬಿಡುತ್ತದೆ.

ಮೂರನೆಯದು ಸೆಟಪ್ /ಪ್ರಿಪೇರ್‌ಆಲ್‌ಡೊಮೇನ್ಸ್. ಒಂದೇ ಡೊಮೇನ್ ಇರುವವರಿಗೆ ಇದು ಬೇಕಿಲ್ಲ. ಚೈಲ್ಡ್ ಡೊಮೇನ್‌ಗಳಲ್ಲಿ ಮೇಲ್‌ಬಾಕ್ಸ್ ಇರುವ ಯೂಸರ್‌ಗಳಿದ್ದರೆ ಬೇಕು. ಮುಗಿದ ಮೇಲೆ ಪ್ರತಿ ಡೊಮೇನಿನ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸಿಸ್ಟಮ್ ಆಬ್ಜೆಕ್ಟ್ಸ್ ಕಂಟೇನರಿನಲ್ಲಿ ಆಬ್ಜೆಕ್ಟ್‌ವರ್ಷನ್ 13243 ಇರುವುದನ್ನು ನೋಡಿ. 2016ರ ಸಿಯು 23ರಲ್ಲೂ ಅದೇ ಸಂಖ್ಯೆ ಇತ್ತು, ಹಾಗಾಗಿ ಏನೂ ಬದಲಾಗಿಲ್ಲ ಅಂತ ಗಾಬರಿಯಾಗಬೇಡಿ. ಆರ್ಗನೈಸೇಶನ್ ಕಂಟೇನರಿನ ಆಬ್ಜೆಕ್ಟ್‌ವರ್ಷನ್ ಮಾತ್ರ ಬಿಲ್ಡಿನಿಂದ ಬಿಲ್ಡಿಗೆ ಬದಲಾಗುತ್ತದೆ. ನೀವು ಹಾಕುತ್ತಿರುವ ಬಿಲ್ಡಿಗೆ ಮೈಕ್ರೋಸಾಫ್ಟ್ ಕೊಟ್ಟ ಕೋಷ್ಟಕದ ಜೊತೆ ಅದನ್ನು ತಾಳೆ ನೋಡಿ.

ಮೈಕ್ರೋಸಾಫ್ಟ್ 365ರ ಜೊತೆ ಹೈಬ್ರಿಡ್ ಇರುವವರು, ಡೈರೆಕ್ಟರಿಯನ್ನು ಕ್ಲೌಡಿಗೆ ಸಿಂಕ್ ಮಾಡುವ ಎಂಟ್ರಾ ಕನೆಕ್ಟ್‌ನ ವಿಝಾರ್ಡ್ ತೆರೆದು ‘ರಿಫ್ರೆಶ್ ಡೈರೆಕ್ಟರಿ ಸ್ಕೀಮಾ’ ಓಡಿಸಬೇಕು. ಇಲ್ಲದಿದ್ದರೆ ಹೊಸ ಆಟ್ರಿಬ್ಯೂಟ್‌ಗಳು ಅದಕ್ಕೆ ಗೊತ್ತೇ ಆಗುವುದಿಲ್ಲ.

## ಈವೆಂಟ್ 2080ರ ಆ ಒಂದು ಸಾಲು

ಡಿಸಿಗಳೆಲ್ಲ ಆರೋಗ್ಯವಾಗಿವೆ, ಆದರೆ ಎಕ್ಸ್‌ಚೇಂಜ್ ಅವುಗಳನ್ನು ಬಳಸುತ್ತಿಲ್ಲ. ಹೀಗೂ ಆಗುತ್ತದೆ. ಅದನ್ನು ಹಿಡಿಯಲು ಈಗಿನ ಎಕ್ಸ್‌ಚೇಂಜ್ 2016 ಸರ್ವರಿನ ಅಪ್ಲಿಕೇಶನ್ ಲಾಗ್ ತೆರೆಯಿರಿ. ಎಂಎಸ್‌ಎಕ್ಸ್‌ಚೇಂಜ್ ಎಡಿಆಕ್ಸೆಸ್ ಎಂಬ ಸೋರ್ಸಿನ ಈವೆಂಟ್ 2080 ಹುಡುಕಿ. ತನಗೆ ಕಂಡ ಡಿಸಿಗಳನ್ನು ಎಕ್ಸ್‌ಚೇಂಜ್ ಅದರಲ್ಲಿ ಸಾಲಾಗಿ ಬರೆದಿಡುತ್ತದೆ. ಪ್ರತಿ ಹೆಸರಿನ ಮುಂದೆ ಸಿಡಿಜಿ ಎಂಬ ಮೂರು ಅಕ್ಷರ, ಆಮೇಲೆ ಒಂದು ಸಾಲು ಅಂಕಿ: 1 7 7 1 0 1 1 7 1. ಇದು ಆರೋಗ್ಯವಂತ ಡಿಸಿಯ ಸಾಲು. ಮೇಲಿನ ಶೀರ್ಷಿಕೆಯಲ್ಲಿ ‘ಎಸ್‌ಎಸಿಎಲ್ ರೈಟ್’ ಅಂತ ಬರೆದಿರುವ ಅಂಕಿ ಯಾವುದು ಅಂತ ಬೆರಳಿಟ್ಟು ಎಣಿಸಿ. ಅಲ್ಲಿ 0 ಇದ್ದರೆ ಆ ಡಿಸಿಯನ್ನು ಎಕ್ಸ್‌ಚೇಂಜ್ ಮುಟ್ಟುವುದಿಲ್ಲ.

ಕಾರಣ ಬಹಳ ಸಲ ಗ್ರೂಪ್ ಪಾಲಿಸಿ. ‘ಮ್ಯಾನೇಜ್ ಆಡಿಟಿಂಗ್ ಅಂಡ್ ಸೆಕ್ಯುರಿಟಿ ಲಾಗ್’ ಎಂಬ ಹಕ್ಕು ಎಕ್ಸ್‌ಚೇಂಜ್ ಸರ್ವರ್ಸ್ ಗ್ರೂಪಿಗೆ ಡಿಸಿಗಳ ಮೇಲೆ ಇರಬೇಕು. ಸೆಟಪ್ ಅದನ್ನು ಡಿಫಾಲ್ಟ್ ಡೊಮೇನ್ ಕಂಟ್ರೋಲರ್ಸ್ ಪಾಲಿಸಿಯಲ್ಲಿ ಬರೆಯುತ್ತದೆ. ಆದರೆ ಸೆಕ್ಯುರಿಟಿ ತಂಡದವರು ಡಿಸಿಗಳನ್ನು ಬಿಗಿ ಮಾಡಲು ಬೇರೊಂದು ಪಾಲಿಸಿ ಹಾಕಿ, ಅದೇ ಹಕ್ಕನ್ನು ಬರೀ ಅಡ್ಮಿನಿಸ್ಟ್ರೇಟರ್ಸ್ ಗ್ರೂಪಿಗೆ ಕೊಟ್ಟಿದ್ದರೆ, ಆದ್ಯತೆಯಲ್ಲಿ ಮೇಲಿರುವ ಆ ಬಿಗಿ ಪಾಲಿಸಿಯೇ ಗೆಲ್ಲುತ್ತದೆ. ಪ್ರಿಪೇರ್‌ಎಡಿ ಮತ್ತೆ ಓಡಿಸಿದರೂ ಪ್ರಯೋಜನ ಇಲ್ಲ. ಆ ಬಿಗಿ ಪಾಲಿಸಿಯಲ್ಲೇ ಎಕ್ಸ್‌ಚೇಂಜ್ ಸರ್ವರ್ಸ್ ಗ್ರೂಪನ್ನು ಸೇರಿಸಿ, ಡಿಸಿಗಳಲ್ಲಿ ಜಿಪಿಅಪ್‌ಡೇಟ್ ಓಡಿಸಿ, ಮುಂದಿನ 2080 ಬರುವವರೆಗೆ ಕಾಯಿರಿ. ಅದು ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಬರುತ್ತದೆ.

## ಹೊಸ ಸರ್ವರ್ ಬರುವ ಮುಂಚೆ ಡೈರೆಕ್ಟರಿಯಲ್ಲಿ ಇನ್ನೆರಡು

ಒಂದು, ಅಡ್ಮಿನ್‌ಕೌಂಟ್. ಡೊಮೇನ್ ಅಡ್ಮಿನ್ಸ್‌ನಂಥ ಗ್ರೂಪಿನಲ್ಲಿ ಒಮ್ಮೆ ಇದ್ದ ಯೂಸರ್‌ಗಳಿಗೆ ಈ ಆಟ್ರಿಬ್ಯೂಟ್ 1 ಆಗಿ, ಪರ್ಮಿಷನ್ ಇನ್ಹೆರಿಟೆನ್ಸ್ ಆಫ್ ಆಗಿರುತ್ತದೆ. ಗ್ರೂಪಿನಿಂದ ತೆಗೆದರೂ ಅದು ಹಾಗೇ ಉಳಿಯುತ್ತದೆ. ಮೇಲ್‌ಬಾಕ್ಸ್ ಸಾಗಿಸಿದ ಮೇಲೆ ಇವರ ಫೋನಿನಲ್ಲಿ ಮಾತ್ರ ಮೇಲ್ ಬರುವುದಿಲ್ಲ, ಸರ್ವರಿನಲ್ಲಿ ಆಕ್ಟಿವ್‌ಸಿಂಕ್‌ನ ಈವೆಂಟ್ 1053 ಬೀಳುತ್ತದೆ. ಅಡ್ಮಿನ್‌ಕೌಂಟ್ 1 ಇರುವ ಯೂಸರ್‌ಗಳ ಪಟ್ಟಿ ಈಗಲೇ ತೆಗೆಯಿರಿ. ಈಗ ಅಡ್ಮಿನ್ ಅಲ್ಲದವರಿಗೆ ಅದನ್ನು ಖಾಲಿ ಮಾಡಿ ಇನ್ಹೆರಿಟೆನ್ಸ್ ಆನ್ ಮಾಡಿ. ಈಗಲೂ ಅಡ್ಮಿನ್ ಆಗಿರುವವರಿಗೆ ಮೇಲ್‌ಬಾಕ್ಸ್ ಇಲ್ಲದ ಬೇರೆ ಅಡ್ಮಿನ್ ಅಕೌಂಟ್ ಮಾಡಿಕೊಡಿ.

ಎರಡು, ಆಟೋಡಿಸ್ಕವರ್ ಎಸ್‌ಸಿಪಿ, ಅಂದರೆ ಮೇಲ್ ಸರ್ವರ್ ಎಲ್ಲಿದೆ ಅಂತ ಔಟ್‌ಲುಕ್‌ಗೆ ಹೇಳುವ ದಾಖಲೆ. ಹೊಸ ಎಕ್ಸ್‌ಚೇಂಜ್ ಇನ್‌ಸ್ಟಾಲ್ ಆಗುವಾಗಲೇ ಡೈರೆಕ್ಟರಿಯಲ್ಲಿ ‘ನಾನೂ ಇದ್ದೇನೆ’ ಅಂತ ಒಂದು ಎಸ್‌ಸಿಪಿ ಬರೆಯುತ್ತದೆ. ಅದರಲ್ಲಿ ಇರುವುದು ಸರ್ವರಿನ ಸ್ವಂತ ಹೆಸರು. ಆ ಹೊತ್ತಿಗೆ ಅದರ ಬಳಿ ಇರುವುದು ಸೆಲ್ಫ್-ಸೈನ್ಡ್ ಸರ್ಟಿಫಿಕೇಟ್. ನೀವು ಇನ್ನೂ ಸರ್ಟಿಫಿಕೇಟ್ ಹಾಕುವ ಮುಂಚೆಯೇ ಯಾರದೋ ಔಟ್‌ಲುಕ್ ಹೋಗಿ ಅದನ್ನು ಮುಟ್ಟಿ, ಪರದೆಯ ಮೇಲೆ ಸೆಕ್ಯುರಿಟಿ ಅಲರ್ಟ್ ತೆರೆಯುತ್ತದೆ. ನನ್ನ ಮೊದಲ ಅಪ್‌ಗ್ರೇಡ್‌ನಲ್ಲಿ ಇನ್‌ಸ್ಟಾಲನ್ನು ಕೆಲಸದ ದಿನ ಮಧ್ಯಾಹ್ನ ಮಾಡಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಅಕೌಂಟ್ಸ್ ವಿಭಾಗದಿಂದ ಹನ್ನೊಂದು ಮಿಸ್ಡ್ ಕಾಲ್ ಇತ್ತು.

ಅದಕ್ಕೆ ಎರಡು ದಾರಿ. ಇನ್‌ಸ್ಟಾಲ್ ಮುಗಿದ ಕೂಡಲೇ ಸೆಟ್-ಕ್ಲೈಂಟ್‌ಆಕ್ಸೆಸ್‌ಸರ್ವಿಸ್ ಓಡಿಸಿ, ಆಟೋಡಿಸ್ಕವರ್‌ಸರ್ವಿಸ್‌ಇಂಟರ್ನಲ್‌ಯುಆರ್‌ಐ ಜಾಗಕ್ಕೆ ಹಳೆಯ ಸರ್ವರಿನ ವಿಳಾಸವನ್ನೇ ಹಾಕುವುದು ಒಂದು. ಇಲ್ಲವಾದರೆ, ಸೈಟ್ಸ್ ಅಂಡ್ ಸರ್ವಿಸಸ್‌ನಲ್ಲಿ ಒಂದು ತಾತ್ಕಾಲಿಕ ಸೈಟ್ ಮಾಡಿ, ಹೊಸ ಸರ್ವರಿನ ಐಪಿಯನ್ನು ಮಾತ್ರ /32 ಸಬ್‌ನೆಟ್ ಆಗಿ ಅದಕ್ಕೆ ಸೇರಿಸಿ, ಒಂದು ಗ್ಲೋಬಲ್ ಕ್ಯಾಟಲಾಗ್ ಡಿಸಿಯನ್ನೂ ಅಲ್ಲಿ ಇಟ್ಟು, ಎಲ್ಲ ಸಿದ್ಧವಾದ ಮೇಲೆ ಸರ್ವರನ್ನು ಮೂಲ ಸೈಟಿಗೆ ತರುವುದು. ನೂರಿನ್ನೂರು ಯೂಸರ್ ಇರುವ ಕಡೆ ಮೊದಲನೆಯದು ಸಾಕು, ಸಂಜೆ ಏಳರ ಮೇಲೆ ಮಾಡಿದರೆ ಆಯಿತು. ಸಾವಿರಾರು ಜನ, ರಾತ್ರಿ ಪಾಳಿಯೂ ಇರುವ ಕಡೆ ಎರಡನೆಯದಕ್ಕೆ ಪಡುವ ಶ್ರಮ ಸಾರ್ಥಕ.

ಹಳೆಯ ವಿಳಾಸ ಯಾವುದು ಅಂತ ಗೆಟ್-ಕ್ಲೈಂಟ್‌ಆಕ್ಸೆಸ್‌ಸರ್ವಿಸ್ ಓಡಿಸಿ ಇವತ್ತೇ ಬರೆದಿಡಿ. ಸ್ಕೀಮಾ ಅಡ್ಮಿನ್ಸ್ ಗ್ರೂಪಿನಿಂದ ನಿಮ್ಮ ಅಕೌಂಟ್ ತೆಗೆಯಿರಿ. ಸ್ಕೀಮಾ ಮಾಸ್ಟರ್ ರೋಲ್ ಬೇರೆ ಕಡೆ ಇಟ್ಟಿದ್ದರೆ ಮೊದಲಿನ ಜಾಗಕ್ಕೆ ತನ್ನಿ. ಎಲ್ಲ ಡಿಸಿಗಳ ಇನ್ನೊಂದು ಸಿಸ್ಟಮ್ ಸ್ಟೇಟ್ ಬ್ಯಾಕಪ್ ತೆಗೆಯಿರಿ, ಈ ಸಲ ಹೊಸ ಸ್ಕೀಮಾ ಸಮೇತ. ಸೋಮವಾರ ಬೆಳಗ್ಗೆ ಜನ ಲಾಗಿನ್ ಆಗಿ ಒಂದು ಗಂಟೆ ಕಳೆದ ಮೇಲೆ ರೆಪ್ಲ್‌ಸಮರಿ ಮತ್ತೊಮ್ಮೆ ಓಡಿಸಿ. ಫೇಲ್ ಕಾಲಮ್ ಪೂರ್ತಿ ಸೊನ್ನೆ ಇದ್ದರೆ ಎಸ್‌ಇ ಇನ್‌ಸ್ಟಾಲಿಗೆ ತಾರೀಖು ಗೊತ್ತು ಮಾಡಿ.